ನಟರು ನಾಲ್ಕು ಊರಲ್ಲಿ, ಮುಖ ಮುಟ್ಟುವಂತಿಲ್ಲ: ಜೂಮ್ ನಾಟಕಕ್ಕೆ ಕಾಗದದ ಮುಖವಾಡ ಮಾಡೋದು ಹೇಗೆ?

ತೆರೆಮರೆ ಬರೆದದ್ದು, ಮೇ 2021

ಎಲ್ಲರಿಗೂ ನಮಸ್ಕಾರ. ಮುಖವಾಡ, ರಂಗಸಜ್ಜಿಕೆಯ ಕೆಲಸ ಬಲ್ಲವರ ಸಲಹೆ ಬೇಕಿತ್ತು.

ಕೊರೊನಾ ಲಾಕ್‌ಡೌನ್‌ನಿಂದ ಸಭಾಂಗಣಗಳು ಮುಚ್ಚಿವೆ. ನಾಲ್ಕೇ ಪಾತ್ರಗಳ 25 ನಿಮಿಷದ ನಾಟಕ, ಜೂಮ್‌ನಲ್ಲಿ ನೇರ ಪ್ರದರ್ಶನ. ನಟರು ಶಿರಸಿ, ಧಾರವಾಡ, ಮೈಸೂರು, ಬೆಂಗಳೂರಿನಲ್ಲಿ ಅವರವರ ಮನೆಯಲ್ಲೇ ಇದ್ದಾರೆ. ನಾಲ್ವರಿಗೂ ಹಣೆಯಿಂದ ಮೇಲ್ದುಟಿಯವರೆಗೆ ಬರುವ ಅರ್ಧ ಮುಖವಾಡ ಬೇಕು: ಒಬ್ಬ ಮುದುಕಿ, ಒಬ್ಬ ಶಾನುಭೋಗ, ಒಬ್ಬ ಕುಡುಕ, ಒಬ್ಬ ಹುಡುಗ. ಮುಖವಾಡಗಳನ್ನು ಮಾಡುವ ಜಾಗ ಸಾಗರದ ಹತ್ತಿರ. ಹವೆ ಈಗಲೇ ತೇವವಾಗಿದೆ, ಇನ್ನು ಹತ್ತು ಹದಿನೈದು ದಿನಕ್ಕೆ ಮಳೆ ಹಿಡಿಯುತ್ತದೆ. ಅಂಗಡಿ ತೆರೆದಿರುವುದು ಬೆಳಿಗ್ಗೆ 10ರವರೆಗೆ, ಅದೂ ದಿನಸಿಗೆ. ಮನೆಯಲ್ಲಿರುವ ಸಾಮಾನು ಇಷ್ಟು: ಹಳೆ ಪತ್ರಿಕೆ, ಖಾಕಿ ಕಾಗದ, ಮೈದಾ, ಅರ್ಧ ಕೆಜಿ ಫೆವಿಕಾಲ್, ಗಣಪತಿ ಮಾಡುವ ಜೇಡಿಮಣ್ಣು 12 ಕೆಜಿ, ಅಕ್ರಿಲಿಕ್ ಬಣ್ಣ. ಅಚ್ಚು ತೆಗೆಯಲು ಬಳಸುವ ಪ್ಲಾಸ್ಟರ್, ಸಿಲಿಕೋನ್, ಆಲ್ಜಿನೇಟ್ ಯಾವುದೂ ಇಲ್ಲ.

ತಿಳಿಯದಿರುವುದು ಮೂರು. ನಟರ ಮುಖದ ಅಚ್ಚು ತೆಗೆಯದೆ ಅಳತೆ ಹಿಡಿಯುವುದು ಹೇಗೆ? ಈ ಹವೆಯಲ್ಲಿ ಕಾಗದ ಬೂಷ್ಟು ಹಿಡಿಯದಂತೆ, ಸೊಟ್ಟಗಾಗದಂತೆ ಒಣಗಿಸುವುದು ಹೇಗೆ? ರಂಗದ ಮೇಲೆ 30 ಅಡಿ ದೂರಕ್ಕೆ ಕಾಣಲೆಂದು ಮಾಡುವ ಮುಖವಾಡ ಲ್ಯಾಪ್‌ಟಾಪಿನ ಕ್ಯಾಮೆರಾದೆದುರು, ಒಂದು ಮೊಳ ದೂರದಲ್ಲಿ, ಸರಿಯಾಗಿ ಕೆಲಸ ಮಾಡುತ್ತದೆಯೇ, ಇಲ್ಲ ಬೇರೆ ಥರ ಮಾಡಬೇಕೆ? ಮುಂದೆ ಸಭಾಂಗಣ ತೆರೆದ ಮೇಲೆ ಇವೇ ಮುಖವಾಡಗಳನ್ನು ಬಳಸುವ ಆಸೆಯೂ ಇದೆ.


ಮಣ್ಣಿನಚ್ಚು:

ತೆರೆಮರೆಯವರೇ, ಮುಖದ ಅಚ್ಚು ಬೇಕಾಗಿಯೇ ಇಲ್ಲ. ಮೂರು ಅಳತೆ ಮಾತ್ರ ತಪ್ಪಬಾರದು: ಎರಡು ಕಣ್ಣಿನ ಪಾಪೆಗಳ ನಡುವಿನ ದೂರ, ಹುಬ್ಬುಗಳ ನಡುವೆ ಮೂಗಿನ ಬುಡ ಎಷ್ಟು ಒಳಗಿದೆ ಎಂಬುದು, ಮತ್ತು ಮೂಗಿನ ಮೇಲಿಂದ ಹಾದು ಕಿವಿಯಿಂದ ಕಿವಿಗೆ ಇರುವ ಅಳತೆ. ಉಳಿದ ಕಡೆಯೆಲ್ಲ ಮುಖವಾಡ ಮುಖಕ್ಕಿಂತ 6ರಿಂದ 8 ಮಿಮೀ ದೊಡ್ಡದಾಗಿಯೇ ಇರಲಿ. ಸಡಿಲಾದರೆ ಒಳಗೆ ಸ್ಪಂಜಿಟ್ಟು ಕೂರಿಸಬಹುದು. ಬಿಗಿಯಾದರೆ ಕಾಗದವನ್ನು ಕೆರೆದು ಸರಿಮಾಡಲು ಬರುವುದಿಲ್ಲ, ಕೆರೆದಲ್ಲೆಲ್ಲ ತೆಳ್ಳಗಾಗಿ ಮುರಿಯುತ್ತದೆ.

ಪಾಪೆಗಳ ದೂರ ದೊಡ್ಡವರಲ್ಲಿ ಹೆಚ್ಚುಕಡಿಮೆ 54ರಿಂದ 74 ಮಿಮೀ ಒಳಗಿರುತ್ತದೆ. ಅಂದಾಜಿನಲ್ಲಿ 63 ಅಂತ ಹಿಡಿದು ಕೊರೆದರೆ ಯಾರಿಗೋ ಒಂದು ಕಣ್ಣು ಮುಚ್ಚಿಹೋಗುತ್ತದೆ. ನಟರಿಗೆ ಹೀಗೆ ಹೇಳಿ: ಎಟಿಎಂ ಕಾರ್ಡನ್ನು ನಂಬರು ಕಾಣದಂತೆ ತಿರುಗಿಸಿ, ಅಡ್ಡಡ್ಡವಾಗಿ ಹಣೆಗೆ ಒತ್ತಿ ಹಿಡಿಯಬೇಕು. ಮನೆಯವರು ಕಣ್ಣಿನ ಮಟ್ಟದಲ್ಲಿ ಫೋನ್ ಹಿಡಿದು ಕನಿಷ್ಠ 2 ಮೀಟರ್ ಹಿಂದೆ ನಿಂತು, ಎರಡು ಪಟ್ಟು ಝೂಮ್ ಮಾಡಿ ನೇರ ಎದುರಿನಿಂದ ಒಂದು, ಬಲಕ್ಕೊಂದು, ಎಡಕ್ಕೊಂದು ಫೋಟೋ ತೆಗೆಯಬೇಕು. ಕಾರ್ಡಿನ ಅಗಲ 85.6 ಮಿಮೀ, ಎಲ್ಲ ಬ್ಯಾಂಕಿನದೂ ಒಂದೇ. ಫೋಟೋದಲ್ಲಿ ಕಾರ್ಡು ಅಷ್ಟೇ ಅಗಲ ಬರುವಂತೆ ಮುದ್ರಿಸಿದರೆ ಎದುರಿನಿಂದ ಕಾಣುವ ಮುಖ ಹೆಚ್ಚುಕಡಿಮೆ ನಿಜ ಅಳತೆಗೆ ಬಂತು. ಪಕ್ಕದ ಫೋಟೋಗಳು ಆಕಾರ ನೋಡುವುದಕ್ಕೆ ಮಾತ್ರ, ಅವುಗಳಿಂದ ಅಳತೆ ತೆಗೆಯಬೇಡಿ. ಸೆಲ್ಫಿ ಮಾತ್ರ ಬೇಡವೇ ಬೇಡ. ತೋಳಿನ ದೂರದಿಂದ ತೆಗೆದ ಫೋಟೋದಲ್ಲಿ ಮೂಗು ಉಬ್ಬಿ, ಕಿವಿ ಹಿಂದೆ ಸರಿದು, ಮುಖ ಕಿರಿದಾಗಿ ಕಾಣುತ್ತದೆ.

ಪಕ್ಕದ ಏರಿಳಿತಕ್ಕೆ ಮೆತ್ತನೆಯ ತಂತಿ ಬೇಕು, ಬೆಸುಗೆ ಹಾಕುವ ಸೀಸದ ತಂತಿಯಾದರೂ ಆದೀತು. ಕೂದಲ ಅಂಚಿನಿಂದ ಹಣೆ, ಮೂಗಿನ ಬುಡ, ಮೂಗಿನ ತುದಿ, ಮೇಲ್ದುಟಿಯವರೆಗೆ ಒತ್ತಿ ಬಾಗಿಸಿ, ಅಲುಗಿಸದೆ ಗಣಿತದ ಚೌಕುಳಿ ಪುಸ್ತಕದ ಮೇಲೆ ಮಲಗಿಸಿ ಪೆನ್ಸಿಲ್ಲಿನಲ್ಲಿ ಗೀಚಿ ಕಳಿಸಲಿ. ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟರೆ ಚೆಕ್ ಮಾಡಲು ಸುಲಭ, ಅದರ ವ್ಯಾಸ 27 ಮಿಮೀ. ಇನ್ನೊಂದು ತಂತಿ ಹುಬ್ಬಿನ ಮಟ್ಟದಲ್ಲಿ ಅಡ್ಡಡ್ಡ. ತಲೆಯ ಅಗಲಕ್ಕೆ ಗೋಡೆಗೆ ಒರಗಿ ಕೂತು ಎರಡೂ ಕಣತಲೆಗೆ ಎರಡು ದಪ್ಪ ಪುಸ್ತಕ ತಾಗಿಸಿ, ಪುಸ್ತಕಗಳ ನಡುವಿನ ದೂರ ಅಳೆದರೆ ಆಯಿತು.

ಕೆಲವರು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ಲನ್ನು ಮೂರು ನಾಲ್ಕು ಪದರ ಮಾಡಿ ಮುಖಕ್ಕೆ ಒತ್ತಿ ಆಕಾರ ತೆಗೆಯುತ್ತಾರೆ. ಅರ್ಧ ಮುಖವಾಡಕ್ಕೆ ಈ ಉಪಾಯ ಚೆನ್ನಾಗಿದೆ, ಹೊಳ್ಳೆಗಳನ್ನು ಮುಚ್ಚಬೇಕಾಗಿಲ್ಲ. ಆದರೆ ತೆಗೆಯುವಾಗ ಕೆನ್ನೆಯ ಭಾಗ ಅಗಲಿಕೊಳ್ಳುತ್ತದೆ. ತೆಗೆದ ಕೂಡಲೇ ಹಿಂದಿನಿಂದ ಒಣ ಪತ್ರಿಕೆಯ ಉಂಡೆ ತುಂಬಿ ಟೇಪ್ ಸುತ್ತಬೇಕು, ಮೇಲೆ ಹೇಳಿದ ಕಿವಿಯಿಂದ ಕಿವಿಯ ಅಳತೆಗೆ ಹಿಸುಕಿ ಹೊಂದಿಸಬೇಕು. ಪ್ಲಾಸ್ಟರ್ ಬ್ಯಾಂಡೇಜು ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ ಅಂತ ನಟರೇ ಒಬ್ಬೊಬ್ಬರೇ ಕೂತು ಮುಖಕ್ಕೆ ಹಾಕಿಕೊಳ್ಳಲು ದಯವಿಟ್ಟು ಹೇಳಬೇಡಿ. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಹುಬ್ಬು ರೆಪ್ಪೆ ಹಿಡಿದುಕೊಳ್ಳುತ್ತದೆ, ಕಣ್ಣು ಮುಚ್ಚಿ ಕೂತವರಿಗೆ ಪಕ್ಕದಲ್ಲಿ ಬಲ್ಲವರಿರಲೇಬೇಕು.

ಮಣ್ಣಿಗೆ ಬರೋಣ. 30×40 ಸೆಂಮೀ ಹಲಗೆ, ಮಧ್ಯೆ ಪತ್ರಿಕೆಯ ಗಟ್ಟಿ ಉಂಡೆ, ಅದಕ್ಕೆ ಪ್ಲಾಸ್ಟಿಕ್ ಸುತ್ತಿ ಮೇಲೆ ಮಣ್ಣು. ಉಂಡೆ ಇದ್ದರೆ ಒಂದು ಅರ್ಧ ಮುಖವಾಡಕ್ಕೆ ಸುಮಾರು 3 ಕೆಜಿ ಸಾಕು, ನಿಮ್ಮ 12 ಕೆಜಿ ಸರಿಹೋಗುತ್ತದೆ. ಮೊದಲು ನಟರ ಮುಖದ ಅಳತೆಗೆ ಸಾದಾ ಮುಖ ಮಾಡಿ, ಅದರ ಮೇಲೆ 6 ಮಿಮೀ ದಪ್ಪದ ಮಣ್ಣಿನ ಹಾಳೆ ಹೊದಿಸಿ, ಆಮೇಲೆ ಪಾತ್ರದ ಮುಖ ಕಟ್ಟಿ. ಈ ಹಾಳೆಯೇ ನಿಮಗೆ ಒಳಗಿನ ಸಡಿಲು ಕೊಡುತ್ತದೆ. ಹೊಳ್ಳೆಯ ಕೆಳಗೆ, ಹುಬ್ಬಿನ ಕೆಳಗೆ ಒಳಕ್ಕೆ ಕೊರೆದ ಜಾಗ ಇರಬಾರದು, ಇದ್ದರೆ ಕಾಗದ ಅಲ್ಲಿ ಸಿಕ್ಕಿಕೊಂಡು ತೆಗೆಯುವಾಗ ಹರಿಯುತ್ತದೆ. ಅಂಥ ಕಡೆ ಮಣ್ಣು ತುಂಬಿಬಿಡಿ. ಕೊರೆದಂತೆ ಕಾಣಬೇಕಾದರೆ ಆಮೇಲೆ ಬಣ್ಣದಲ್ಲಿ ತೋರಿಸಬಹುದು.

ಸುಕ್ಕುಗಳನ್ನು ಗೆರೆ ಎಳೆದು ಮಾಡಬೇಡಿ. ಮುದುಕಿಯ ಕೆನ್ನೆ ಅಂದರೆ ಮೂಳೆ ಮೇಲೆ, ಅದರ ಕೆಳಗೆ ಅಗಲವಾದ ತಗ್ಗು. ಅಷ್ಟಕ್ಕೇ ವಯಸ್ಸು ಬಂದುಬಿಡುತ್ತದೆ. ಏಳು ಪದರ ಕಾಗದದ ಕೆಳಗೆ ಸಣ್ಣ ಗೆರೆ ಹೇಗೂ ಉಳಿಯುವುದಿಲ್ಲ.


ಹುಣಸೆಬೀಜ:

ಅಂಟು ಮತ್ತು ಒಣಗಿಸುವುದರ ಬಗ್ಗೆ ನಾನು ಹೇಳ್ತೀನ್ರಿ.

ಮೈದಾ ಒಂದು ಬಟ್ಟಲು, ತಣ್ಣೀರು ಒಂದು ಬಟ್ಟಲು, ಗಂಟಿಲ್ಲದಂಗ ಕಲಸಬೇಕು. ಬ್ಯಾರೆ ಪಾತ್ರೆಯೊಳಗ ನಾಲ್ಕು ಬಟ್ಟಲು ನೀರು ಕುದಿಯಾಕ ಇಟ್ಟು, ಕುದಿ ಬಂದ ಮ್ಯಾಲ ಈ ಹಿಟ್ಟು ಸುರುವಿ 3-4 ನಿಮಿಷ ತಿರುವ್ರಿ. ಹಾಲಿನ ಬಿಳುಪು ಹೋಗಿ ಗಾಜಿನಂಗ ಅರೆಪಾರದರ್ಶಕ ಆದಾಗ ಇಳಿಸಬೇಕು. ಬಿಳಿ ಇದ್ದಾಗಲೇ ಇಳಿಸಿದರ ಹಿಟ್ಟು ಬೆಂದಿಲ್ಲ ಅಂತ ಲೆಕ್ಕ, ಒಣಗಿದ ಮ್ಯಾಲ ಪುಡಿಪುಡಿ ಉದುರತೈತಿ. ಆರಿದ ಮ್ಯಾಲ ಒಂದು ಚಮಚ ಪಟಿಕದ ಪುಡಿ, ಏಳೆಂಟು ಹನಿ ಲವಂಗದ ಎಣ್ಣಿ. ಎರಡು ದಿನಕ್ಕಾಗುವಷ್ಟೇ ಮಾಡ್ರಿ. ಹುಳಿವಾಸನೆ ಬಂದ ಅಂಟು ಚೆಲ್ಲಿಬಿಡ್ರಿ.

ಮೈಲುತುತ್ತ ಹಾಕಿದರ ಹುಳ ಬೂಷ್ಟು ಬರಂಗಿಲ್ಲ ಅನ್ನೋದು ಖರೇ. ಪೋಸ್ಟರ್ ಹಚ್ಚಾಕ, ಪುಸ್ತಕದ ರಟ್ಟಿಗೆ ಹಾಕ್ತಾರ. ಮುಖವಾಡಕ್ಕ ಬ್ಯಾಡ. ಅದು ವಿಷ, ಬೆವರಿಗೆ ಕರಗಿ ಕಣ್ಣಿಗೆ ಇಳಿಯೋದು, ತುಟಿಗೆ ತಾಗೋದು ಎಲ್ಲಾ ಆಗತೈತಿ.

ಮಳಿ ಹವಾಕ್ಕ ಇದಕ್ಕಿಂತ ಚಲೋದು ಹುಣಸೆಬೀಜದ ಅಂಟು. ಕೊಪ್ಪಳದ ಕಿನ್ನಾಳ ಗೊಂಬಿ ಮಾಡೋರು ಬಳಸೋದು ಇದನ್ನ. ಬೀಜ ಹುರಿದು, ಕುಟ್ಟಿ, ಕಂದು ಸಿಪ್ಪಿ ತಗೀಬೇಕು. ಒಳಗಿನ ಬಿಳಿ ಬ್ಯಾಳಿ ರಾತ್ರಿಯೆಲ್ಲಾ ನೆನೆಹಾಕಿ, ನುಣ್ಣಗ ರುಬ್ಬಿ, ಐದಾರು ಪಟ್ಟು ನೀರು ಹಾಕಿ ಸಣ್ಣ ಉರಿಮ್ಯಾಲ ತಿರುವುತ್ತ ಕುದಿಸಿದರ ಲೋಳಿ ಆಗತೈತಿ. ಸಿಪ್ಪಿ ಉಳಿದರ ಅಂಟು ಕೆಂಪಗಾಗಿ ಮ್ಯಾಲಿನ ಬಿಳಿ ಬಣ್ಣಕ್ಕ ಕಲೆ ಹಿಡೀತದ. ಮೈದಾಕ್ಕಿಂತ ಗಟ್ಟಿ ಕೂಡ್ರತೈತಿ. ಕೆಲಸ ಮಾತ್ರ ಭಾಳ.

ಇನ್ನ ಪದರ. ಕಾಗದ ಕತ್ತರಿಸಬ್ಯಾಡ್ರಿ, ಹರೀರಿ. ಹರಿದ ಅಂಚು ತೆಳ್ಳಗಿದ್ದು ಒಂದರೊಳಗೊಂದು ಕೂಡತೈತಿ, ಕತ್ತರಿ ಅಂಚು ಬಣ್ಣದ ಕೆಳಗೂ ಮೆಟ್ಟಿಲಿನಂಗ ಎದ್ದು ಕಾಣತೈತಿ. ಕೆನ್ನಿ, ಹಣಿಗೆ 3 ಸೆಂಮೀ ತುಂಡು, ಮೂಗು ಮತ್ತು ರೆಪ್ಪಿ ಸುತ್ತ 1 ಸೆಂಮೀ. ಮಣ್ಣು ಹಸಿ ಇದ್ದರ ವ್ಯಾಸಲಿನ್ ಬೇಕಾಗಂಗಿಲ್ಲ. ಮೊದಲನೇ ಪದರ ಬರೇ ನೀರಿನ್ಯಾಗ ಅದ್ದಿ ಹಚ್ಚಬೇಕು, ಅಂಟು ಇಲ್ಲ, ಅದೇ ಬಿಡಿಸಿಕೊಡತೈತಿ. ಮಣ್ಣಿಗೆ ಪ್ಲಾಸ್ಟಿಕ್ ಹಾಳಿ ಹೊದಿಸೋರೂ ಅದಾರ, ಆದರ ಹಾಳಿಯ ಸುಕ್ಕೆಲ್ಲಾ ಮುಖವಾಡಕ್ಕ ಬರತಾವ. ಎರಡನೇ ಪದರದಿಂದ ಪತ್ರಿಕೆ ಒಂದು, ಖಾಕಿ ಒಂದು. ಬಣ್ಣ ಬ್ಯಾರೆ ಇದ್ದರ ಎಲ್ಲಿ ಬಿಟ್ಟುಹೋಗೇತಿ ಗೊತ್ತಾಗತೈತಿ, ಎಣಿಕಿನೂ ತಪ್ಪಂಗಿಲ್ಲ. ಒಟ್ಟು ಏಳು ಪದರ. ಕಡೀ ಎರಡಕ್ಕ ಫೆವಿಕಾಲ್ ಮೂರು ಪಾಲು, ನೀರು ಒಂದು ಪಾಲು. ಎಲ್ಲಾ ಪದರಕ್ಕೂ ಫೆವಿಕಾಲ್ ಹಾಕಬ್ಯಾಡ್ರಿ, ಹೊರಗ ಪ್ಲಾಸ್ಟಿಕ್ಕಿನಂಗ ಮುಚ್ಚಿಕೊಂಡು ಒಳಗಿನ ನೀರು ಹೊರಗ ಬರಂಗಿಲ್ಲ, ಬೂಷ್ಟು ಹುಟ್ಟೋದೇ ಅಲ್ಲಿ.

ಎರಡು ಪದರ, ಒಣಗಿಸು. ಮತ್ತೆರಡು, ಒಣಗಿಸು. ಏಳೂ ಒಮ್ಮೆ ಹಚ್ಚಿದರ ಹೊರಗ ಗಟ್ಟಿ, ಒಳಗ ಹಸಿ. ಬಿಸಿಲಿಗೆ ಇಡಬ್ಯಾಡ್ರಿ, ಬಿಸಿಲು ಬಿದ್ದ ಕಡಿ ಮೊದಲು ಕುಗ್ಗಿ ಇಡೀ ಮುಖ ಒಂದು ಕಡಿ ತಿರುಗತೈತಿ. ಫ್ಯಾನ್ ಗಾಳಿ, ಅದೂ ನೇರ ಅಲ್ಲ, ಗ್ವಾಡಿಗೆ ಬಡಿದು ಬರೋ ಗಾಳಿ. ಸಾಗರದ ಹವಾಕ್ಕ ಎರಡೆರಡು ಪದರಕ್ಕ ಒಂದೂವರೆ ಎರಡು ದಿನ ಹಿಡೀರಿ, ಒಟ್ಟು ಒಂದು ವಾರ. ಒಣಗಿದ್ದು ಗೊತ್ತಾಗೋದು ಹ್ಯಾಂಗ ಅಂದ್ರ, ಕೆನ್ನಿಗೆ ಇಟ್ಟು ನೋಡ್ರಿ. ತಂಪು ಹತ್ತಿದರ ಇನ್ನೂ ನೀರೈತಿ.

ಮಣ್ಣಿನ ಮ್ಯಾಲಿಂದ ಬಿಡಿಸಿದ ಮ್ಯಾಲ ಅಂಚಿಗೆ ತೆಳ್ಳನ ಬೈಂಡಿಂಗ್ ವೈರ್ ಸುತ್ತಲೂ ಕೂಡಿಸಿ, ಹಳೀ ಪಂಚೆಯ 2 ಸೆಂಮೀ ಪಟ್ಟಿ ಅಂಟಿಸಿ ಮಡಚ್ರಿ. ಅಂಚು ಕಟ್ಟದ ಮುಖವಾಡ ಮಳಿಗಾಲದಾಗ ಎಲಿಯಂಗ ಸುರುಳಿ ಆಗತೈತಿ.


ದೀಪದಕಂಬ:

ಮೂರನೆಯ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಮೇಲಿನ ಇಬ್ಬರೂ ಹೇಳಿದ್ದನ್ನು ಮಾಡುವ ಮೊದಲು ಇದನ್ನು ಓದಿ. ಕಾಗದ ಅಂಟಿಸಿದ ಮೇಲೆ ತಿಳಿದರೆ ಪ್ರಯೋಜನವಿಲ್ಲ.

ಮುಖವಾಡದ ಭಾವ ಬದಲಾಗುವುದು ಅದರ ಉಬ್ಬುತಗ್ಗಿನ ಮೇಲೆ ಬೀಳುವ ನೆರಳಿನಿಂದ. ಜಪಾನಿನ ‘ನೋ’ ಎಂಬ ಮುಖವಾಡದ ರಂಗಭೂಮಿಯಲ್ಲಿ ಇದಕ್ಕೆ ಹೆಸರೇ ಇದೆ. ಮುಖವಾಡವನ್ನು ತುಸು ಮೇಲಕ್ಕೆತ್ತಿದರೆ ಬೆಳಕು ತುಂಬಿ ಹಿಗ್ಗಿದಂತೆ ಕಾಣುತ್ತದೆ, ಅದು ತೆರಾಸು. ಕೆಳಕ್ಕೆ ಬಾಗಿಸಿದರೆ ಮೋಡ ಕವಿದಂತೆ ಕಾಣುತ್ತದೆ, ಅದು ಕುಮೊರಾಸು. ಎರಡೂ ಚೆನ್ನಾಗಿ ನಡೆಯುವುದು ಬೆಳಕು ಮೇಲಿನಿಂದ ಬಂದಾಗ. ವಿಡಿಯೋ ಮಾಡುವವರು ಬಳಸುವ ರಿಂಗ್ ಲೈಟು ಕ್ಯಾಮೆರಾದ ಸುತ್ತಲಿಂದಲೇ ಬೆಳಕು ಬಿಡುತ್ತದೆ, ಒಂದು ನೆರಳೂ ಉಳಿಯುವುದಿಲ್ಲ. ಬರಿಯ ಮುಖಕ್ಕೆ ಅದು ಚೆಂದ. ಮುಖವಾಡವನ್ನು ಮಾತ್ರ ಅದು ತಟ್ಟೆ ಮಾಡಿಬಿಡುತ್ತದೆ. ನಾಲ್ವರಿಗೂ ರಿಂಗ್ ಲೈಟು ಬೇಡ ಅಂತ ಮೊದಲೇ ಹೇಳಿಬಿಡಿ.

ಬೇಕಾದದ್ದು ಒಂದು 9 ವ್ಯಾಟಿನ ಎಲ್‌ಇಡಿ ಬಲ್ಬು. ನಟರ ತಲೆಗಿಂತ ಎರಡಡಿ ಮೇಲೆ, ಮುಂದೆ, ಒಂದು ಪಕ್ಕಕ್ಕೆ ಸರಿದು, ಮುಖದಿಂದ 1 ಮೀಟರ್ ದೂರದಲ್ಲಿರಲಿ. ಮುಂದೆ ಒಂದು ಗೇಣು ಬಿಟ್ಟು ಬಟರ್ ಪೇಪರ್ ಇಳಿಬಿಟ್ಟರೆ ನೆರಳಿನ ಅಂಚು ಮೆತ್ತಗಾಗುತ್ತದೆ. ಇನ್ನೊಂದು ಪಕ್ಕಕ್ಕೆ ಬಿಳಿ ಥರ್ಮಾಕೋಲ್ ಅಥವಾ ಮಡಚಿದ ಬಿಳಿ ಪಂಚೆ ನಿಲ್ಲಿಸಿದರೆ ಆ ಕಡೆಯ ಕೆನ್ನೆ ಪೂರ್ತಿ ಕತ್ತಲಾಗುವುದಿಲ್ಲ. ಕೋಣೆಯ ಟ್ಯೂಬ್‌ಲೈಟು ಆರಿಸಬೇಕು. ಹಳದಿ ಬಲ್ಬು, ಬಿಳಿ ಟ್ಯೂಬು ಸೇರಿದರೆ ಮುಖವಾಡದ ಬಣ್ಣ ಕ್ಷಣಕ್ಕೊಂದು ಥರ ಕಾಣುತ್ತದೆ. ಕಿಟಕಿ ಬೆನ್ನ ಹಿಂದೆ ಇರಕೂಡದು.

ಮಣ್ಣು ಇನ್ನೂ ಹಸಿ ಇರುವಾಗಲೇ ಅದನ್ನು ಇದೇ ಬೆಳಕಿನಲ್ಲಿ, ಇದೇ ಜೂಮ್‌ನಲ್ಲಿ ನೋಡಿ. ಹಲಗೆಯನ್ನು ನೇರ ನಿಲ್ಲಿಸಿ ಒಂದು ಚಿತ್ರ, 15 ಡಿಗ್ರಿ ಹಿಂದಕ್ಕೆ ಒರಗಿಸಿ ಒಂದು, 15 ಡಿಗ್ರಿ ಮುಂದಕ್ಕೆ ಬಾಗಿಸಿ ಒಂದು. ಮೂರನ್ನೂ ಪಕ್ಕಪಕ್ಕ ಇಟ್ಟಾಗ ಮೂರರಲ್ಲೂ ಒಂದೇ ಭಾವ ಕಂಡರೆ ಹುಬ್ಬಿನ ಮೂಳೆ, ಕೆನ್ನೆಯ ಮೂಳೆ ಸಾಲದು ಅಂತ ಅರ್ಥ. ಕಣ್ಣಿನ ಗುಳಿಯನ್ನು ಇನ್ನೂ ಒಳಗೆ ತಳ್ಳಿ, ಹುಬ್ಬನ್ನು 5 ಮಿಮೀ ಮುಂದೆ ತನ್ನಿ, ಮತ್ತೆ ನೋಡಿ. ಮಣ್ಣಿನಲ್ಲಿ ಇದು ಹತ್ತು ನಿಮಿಷದ ಕೆಲಸ, ಕಾಗದದಲ್ಲಾದರೆ ಒಂದು ವಾರ ಹೋಯಿತು.

30 ಅಡಿ ದೂರಕ್ಕೆಂದು ಮಾಡುವಾಗ ಮೂಗು ಗಲ್ಲಗಳನ್ನು ಹಿಗ್ಗಿಸುತ್ತೇವಲ್ಲ, ಕ್ಯಾಮೆರಾ ಹತ್ತಿರವಿದೆ ಎಂದು ಅದನ್ನು ಕುಗ್ಗಿಸಬೇಡಿ. ಜೂಮ್‌ನ ನಾಲ್ಕು ಕಿಟಕಿಗಳಲ್ಲಿ ಒಬ್ಬೊಬ್ಬರ ಮುಖ ಫೋನಿನಲ್ಲಿ ನೋಡುವವರಿಗೆ ಹೆಬ್ಬೆರಳಿನಷ್ಟೇ ಕಾಣುವುದು, ಆದ್ದರಿಂದ ಆಕಾರ ದೊಡ್ಡದಾಗಿಯೇ ಇರಲಿ. ಬದಲಾಯಿಸಬೇಕಾದದ್ದು ಮೈಯ ನಯ, ಬಣ್ಣ. ಉಪ್ಪುಕಾಗದ 150 ನಂಬರಿನದಾದ ಮೇಲೆ 220 ನಂಬರಿನದು ಹಾಕಿ ಉಜ್ಜಿ. ಉಜ್ಜುವಾಗ ನೀವೂ ಮಾಸ್ಕ್ ಹಾಕಿಕೊಂಡಿರಿ, ಏಳುವ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹೊಳಪಿನ ವಾರ್ನಿಷ್ ಬಳಿದರೆ ಬಲ್ಬಿನ ಚುಕ್ಕೆ ಮೂಗಿನ ಮೇಲೆ ಕೂತು ಕಣ್ಣು ಚುಚ್ಚುತ್ತದೆ, ಕ್ಯಾಮೆರಾ ಅದಕ್ಕೆ ಹೊಂದಿಕೊಳ್ಳಲು ಹೋಗಿ ಉಳಿದದ್ದನ್ನೆಲ್ಲ ಕಪ್ಪು ಮಾಡುತ್ತದೆ. ಮ್ಯಾಟ್ ವಾರ್ನಿಷ್ ಮಾತ್ರ ಬಳಸಿ. ಶುದ್ಧ ಬಿಳಿ, ಶುದ್ಧ ಕಪ್ಪು ಎರಡೂ ಬೇಡ, ಬಿಳಿಗೆ ತುಸು ಕಾವಿ ಬೆರೆಸಿ.

ಕಣ್ಣಿನ ರಂಧ್ರದಲ್ಲಿ ನಟರ ಚರ್ಮ ಕಂಡರೆ ಹತ್ತಿರದ ಕ್ಯಾಮೆರಾದಲ್ಲಿ ಅದು ಸೀಳಿಬಿಟ್ಟಂತೆ ಕಾಣುತ್ತದೆ. ಕಣ್ಣಿನ ಸುತ್ತ ಕಾಡಿಗೆ ಹಚ್ಚಿಕೊಳ್ಳಲು ಹೇಳಿ, ರಂಧ್ರದ ಒಳಅಂಚಿಗೂ ಕಂದುಗಪ್ಪು ಬಳಿಯಿರಿ.


ತೆರೆಮರೆ:

ಮೂವರಿಗೂ ತುಂಬ ಧನ್ಯವಾದ. ಮಣ್ಣನ್ನು ಜೂಮ್‌ನಲ್ಲೇ ನೋಡಬೇಕು ಎಂಬುದು ಹೊಳೆದೇ ಇರಲಿಲ್ಲ. ಕುಡುಕನ ಮುಖ ಮೂರು ಕೋನದಲ್ಲೂ ಒಂದೇ ಥರ ಇತ್ತು, ಹುಬ್ಬು ಮುಂದೆ ತಂದ ಮೇಲೆ ಜೀವ ಬಂತು.

ಮೊದಲ ಮುಖವಾಡ ಬೆಂಗಳೂರಿನ ನಟರ ಕೈಸೇರಿದೆ. ನಾಲ್ಕು ತೊಂದರೆ ಕಂಡವು. ಮೂಗಿನ ತುದಿ ಒತ್ತಿದರೆ ಮೆತ್ತಗಿದೆ. ಹಿನ್ನೆಲೆಗೆ ಹಳ್ಳಿಯ ಚಿತ್ರ ಹಾಕಿದರೆ ಜೂಮ್ ಮುಖವಾಡದ ಮೂಗು, ಹಣೆಯ ಅಂಚುಗಳನ್ನು ತಿಂದುಹಾಕುತ್ತಿದೆ. ಮಾತು ನೆಗಡಿಯಾದವರ ಹಾಗೆ ಕೇಳುತ್ತಿದೆ. ಮಣ್ಣಿನಲ್ಲಿ ಬಲ ಹುಬ್ಬು ಎತ್ತರಿಸಿದ್ದು, ನಟರು ತಮ್ಮ ಪರದೆಯಲ್ಲಿ ಎಡಗಡೆ ಬರಬೇಕಿತ್ತು ಅನ್ನುತ್ತಾರೆ. ಇದಲ್ಲದೆ, ನಾಲ್ವರ ಕಿಟಕಿಗಳು ಒಬ್ಬೊಬ್ಬ ಪ್ರೇಕ್ಷಕರಿಗೆ ಒಂದೊಂದು ಕ್ರಮದಲ್ಲಿ ಕಂಡರೆ ಯಾರು ಯಾರನ್ನು ನೋಡಿ ಮಾತಾಡುತ್ತಿದ್ದಾರೆ ಎಂಬುದೇ ತಪ್ಪಿಹೋಗುತ್ತದಲ್ಲ?


ಮಣ್ಣಿನಚ್ಚು:

ಮೆತ್ತಗಿರುವ ಮೂಗು: ತುದಿಯಲ್ಲಿ ಸಣ್ಣ ತುಂಡುಗಳು ಒಂದರ ಮೇಲೊಂದು ಕೂತು ಅಂಟು ಹೆಚ್ಚಾಗಿ ಒಳಗೆ ತೇವ ಉಳಿದಿರಬೇಕು, ಇಲ್ಲವೆ ಅಲ್ಲಿ ಪದರ ಕಡಿಮೆ ಬಿದ್ದಿರಬೇಕು. ಒಳಗಿನಿಂದ ಬೆರಳಿಟ್ಟು ನೋಡಿದರೆ ಗೊತ್ತಾಗುತ್ತದೆ. ತಂಪಾಗಿದ್ದರೆ ಎರಡು ದಿನ ಫ್ಯಾನಿನಡಿ ಬಿಟ್ಟು ಆಮೇಲೆ ನೋಡಿ. ಬೆಚ್ಚಗಿದ್ದೂ ಬಗ್ಗಿದರೆ ಒಳಗಿನಿಂದ ಫೆವಿಕಾಲ್‌ನಲ್ಲಿ ಅದ್ದಿದ ಹತ್ತಿಬಟ್ಟೆಯ 1 ಸೆಂಮೀ ಪಟ್ಟಿಗಳನ್ನು ಗುಣಾಕಾರದ ಗುರುತಿನ ಹಾಗೆ ಎರಡು ಸಲ ಅಂಟಿಸಿ. ಹೊರಗಿನಿಂದ ಪದರ ಹಾಕಲು ಹೋಗಬೇಡಿ, ಬಣ್ಣ ಹಾಳು.

ನೆಗಡಿಯ ದನಿಗೆ ಕಾರಣ ಮುಖವಾಡದ ಕೆಳಅಂಚು ಹೊಳ್ಳೆಗಳ ಪಕ್ಕವನ್ನು ಹಿಂಡುತ್ತಿರುವುದು. ಹೊಳ್ಳೆಯ ಎರಡೂ ಕಡೆ 3-4 ಮಿಮೀ ಬಿಡುವು ಸಿಗುವಂತೆ ಅಂಚನ್ನು ಕತ್ತರಿಸಿ ಮತ್ತೆ ಬಟ್ಟೆ ಕಟ್ಟಿ. ಅಷ್ಟಕ್ಕೂ ಸರಿಹೋಗದಿದ್ದರೆ ಮುಖವಾಡ ಕೆಳಕ್ಕೆ ಜಾರುತ್ತಿದೆ. ಒಳಗೆ ಮೂರು ಕಡೆ, ಹಣೆಯ ನಡುವೆ ಒಂದು, ಕೆನ್ನೆಮೂಳೆಗೆ ಒಂದೊಂದು, 8ರಿಂದ 10 ಮಿಮೀ ದಪ್ಪದ ಸ್ಪಂಜು ಇರಬೇಕು. ಇಡೀ ಒಳಮೈಗೆ ಸ್ಪಂಜು ಹೊದಿಸಿದರೆ ಗಾಳಿ ಆಡದೆ ಐದೇ ನಿಮಿಷಕ್ಕೆ ಬೆವರು ಕಣ್ಣಿಗೆ ಇಳಿಯುತ್ತದೆ. ಎಲಾಸ್ಟಿಕ್ 25 ಮಿಮೀ ಅಗಲದ್ದು, ಕಿವಿಯ ಮೇಲ್ತುದಿಯಿಂದ ಒಂದು ಬೆರಳು ಮೇಲೆ ಹಾದು ತಲೆಯ ಹಿಂದಿನ ಉಬ್ಬಿನ ಕೆಳಗೆ ಕೂರಬೇಕು. ತೂಕ 200 ಗ್ರಾಂ ದಾಟದಿದ್ದರೆ ಒಂದೇ ಪಟ್ಟಿ ಸಾಕು.

ಬಲ ಹುಬ್ಬನ್ನು ತಿದ್ದಬೇಡಿ, ಅದು ಸರಿಯಾಗೇ ಇದೆ. ಜೂಮ್ ನಮಗೆ ನಮ್ಮ ಚಿತ್ರವನ್ನು ಕನ್ನಡಿಯ ಹಾಗೆ ತಿರುಗಿಸಿ ತೋರಿಸುತ್ತದೆ, ನೋಡುವವರಿಗೆ ತಿರುಗಿಸದೆ. ನಟರು ತಮ್ಮ ಚಿತ್ರ ತಮಗೆ ಕಾಣದಂತೆ ಮುಚ್ಚಿಟ್ಟು ಅಭ್ಯಾಸ ಮಾಡಲಿ. ತನ್ನನ್ನೇ ನೋಡಿಕೊಳ್ಳುವ ನಟನ ಕಣ್ಣು ಕ್ಯಾಮೆರಾದಿಂದ ಕೆಳಗೆ ಇಳಿದಿರುತ್ತದೆ, ಮುಖವಾಡ ಸದಾ ತಲೆ ತಗ್ಗಿಸಿದಂತೆ ಕಾಣುತ್ತದೆ. ಮುಖವಾಡ ನೋಡುವುದು ಮೂಗಿನಿಂದ ಎಂಬ ಮಾತು ಪಾಠದ ಕೋಣೆಯಲ್ಲಿ ಹೇಳುವುದುಂಟು. ಇಲ್ಲಿ ಆ ಮೂಗಿನ ಗುರಿ ಕ್ಯಾಮೆರಾದ ಕಣ್ಣು. ಅದರ ಪಕ್ಕ ಒಂದು ಕುಂಕುಮದ ಬೊಟ್ಟಿನಷ್ಟು ಕೆಂಪು ಕಾಗದ ಅಂಟಿಸಿಕೊಂಡರೆ ಮುಖವಾಡದೊಳಗಿನ ಕಿರಿದಾದ ನೋಟಕ್ಕೂ ಸಿಗುತ್ತದೆ.


ದೀಪದಕಂಬ:

ಹಿನ್ನೆಲೆಯ ಚಿತ್ರ ತೆಗೆದುಹಾಕಿ. ಆ ತಂತ್ರ ಮನುಷ್ಯರ ಮುಖ, ತಲೆಯ ಆಕಾರ ಹುಡುಕಿ ಉಳಿದದ್ದನ್ನು ಅಳಿಸುವಂಥದ್ದು. ಉದ್ದ ಮೂಗು, ಚಾಚಿದ ಹಣೆ ಅದರ ಲೆಕ್ಕದಲ್ಲಿ ಮುಖವಲ್ಲ. ಬದಲಿಗೆ ನಾಲ್ವರ ಹಿಂದೆಯೂ ಒಂದೇ ಬಣ್ಣದ ಬಟ್ಟೆ ಬರಲಿ, ಗಾಢ ನೀಲಿ ಅಥವಾ ಕಂದು ಬೆಡ್‌ಶೀಟು, ನಟರಿಂದ ಕನಿಷ್ಠ 1 ಮೀಟರ್ ಹಿಂದೆ. ಹತ್ತಿರವಿದ್ದರೆ ಮುಖವಾಡದ ನೆರಳು ಬಟ್ಟೆ ಮೇಲೆ ಬಿದ್ದು ಎರಡು ಮೂಗು ಕಾಣುತ್ತದೆ. ಜೂಮ್‌ನ ಸೆಟ್ಟಿಂಗಿನಲ್ಲಿ ಮುಖ ನುಣುಪು ಮಾಡುವುದು, ಕಡಿಮೆ ಬೆಳಕಿಗೆ ಹೊಂದಿಸುವುದು ಎರಡನ್ನೂ ಆರಿಸಿ. ಫೋನಿನಿಂದ ಸೇರುವವರು ಫೋನಿನ ಬ್ಯೂಟಿ ಫಿಲ್ಟರ್ ಬೇರೆಯಾಗಿ ಆರಿಸಬೇಕು, ಕೆಲವು ಫೋನುಗಳಲ್ಲಿ ಅದು ಮೊದಲಿನಿಂದಲೇ ಚಾಲೂ ಇರುತ್ತದೆ.

ಕಿಟಕಿಗಳ ಕ್ರಮಕ್ಕೆ ದಾರಿ ಇದೆ. ಹೋಸ್ಟ್, ಅಂದರೆ ಜೂಮ್ ಸಭೆ ನಡೆಸುವವರು, ತನ್ನ ಗ್ಯಾಲರಿಯಲ್ಲಿ ಎಳೆದು ಜೋಡಿಸಿದ ಕ್ರಮವೇ ಪ್ರೇಕ್ಷಕರಿಗೂ ಕಾಣುವಂತೆ ಮಾಡಬಹುದು, ವಿಡಿಯೋ ಇಲ್ಲದವರನ್ನು ಮರೆಮಾಡಲು ಪ್ರೇಕ್ಷಕರಿಗೆ ಹೇಳಿ. ಹಳೆಯ ಆವೃತ್ತಿ ಇರುವವರಿಗೆ ಇದು ಬರುವುದಿಲ್ಲ, ಮೊದಲೇ ಅಪ್‌ಡೇಟ್ ಮಾಡಿಸಿ. ಇದಕ್ಕೆ ಮನೆಯಲ್ಲೇ ಒಂದು ಮಾದರಿ ಕಟ್ಟಿಕೊಳ್ಳಿ. ರಂಗಸಜ್ಜಿಕೆಗೆ 1:25 ಅಳತೆಯ ಪೆಟ್ಟಿಗೆ ಮಾಡುತ್ತೇವಲ್ಲ, ಅದರ ಬದಲು ರಟ್ಟಿನಲ್ಲಿ 16 ಸೆಂಮೀ ಅಗಲ, 9 ಸೆಂಮೀ ಎತ್ತರದ ನಾಲ್ಕು ಕಿಟಕಿ ಕೊರೆದು ಎರಡರ ಮೇಲೆರಡು ಜೋಡಿಸಿ, ಹಿಂದೆ ನಾಲ್ಕು ಮುಖವಾಡಗಳ ಚಿತ್ರ ಸರಿಸುತ್ತಾ ನೋಡಿ. ಮುದುಕಿ ಮೇಲೆ ಎಡಕ್ಕೆ, ಹುಡುಗ ಕೆಳಗೆ ಬಲಕ್ಕೆ ಇದ್ದರೆ ಅವರಿಬ್ಬರ ನೋಟ ಮೂಲೆಯಿಂದ ಮೂಲೆಗೆ ಹೋಗುತ್ತದೆ. ಯಾವ ಮಾತಿಗೆ ಯಾರು ಎತ್ತ ತಿರುಗಬೇಕು ಎಂಬುದನ್ನು ಸ್ಕ್ರಿಪ್ಟಿನ ಪಕ್ಕದಲ್ಲೇ ಬಾಣದ ಗುರುತಿನಲ್ಲಿ ಬರೆದುಕೊಡಿ. ಈ ಕೆಲಸ ರಂಗವಿನ್ಯಾಸವೇ, ರಂಗ ನಾಲ್ಕು ಚೌಕವಾಗಿದೆ ಅಷ್ಟೆ. ಮನಸ್ಸಿಟ್ಟು ಮಾಡಿ.

ಧ್ವನಿಗೆ ಕಾಲರ್ ಮೈಕು ಇದ್ದರೆ ಎದೆಯ ಮೇಲೆ, ಬಾಯಿಂದ ಒಂದು ಗೇಣು ಕೆಳಗೆ ಸಿಕ್ಕಿಸಲಿ. ಇಯರ್‌ಫೋನಿನ ತಂತಿಯ ಮೈಕು ಮುಖವಾಡದ ಅಂಚಿಗೆ ಉಜ್ಜಿ ಕರಕರ ಎನ್ನುತ್ತದೆ. ಮೂಲ ಧ್ವನಿ (Original Sound) ಎಂಬ ಆಯ್ಕೆ ಹಾಕದಿದ್ದರೆ ಪಿಸುಮಾತು, ತಮಟೆ ಎರಡನ್ನೂ ಜೂಮ್ ಗದ್ದಲ ಅಂತ ಕತ್ತರಿಸಿಬಿಡುತ್ತದೆ.


ಹುಣಸೆಬೀಜ:

ಸಭಾಂಗಣ ತೆರೆದ ಮ್ಯಾಲ ಬಳಸೋ ಮಾತು ಹಂಗs ಉಳೀತು ನೋಡ್ರಿ.

ಈ ಕೊರೊನಾ ಕಾಲದಾಗ ಒಬ್ಬರ ಮುಖವಾಡ ಇನ್ನೊಬ್ಬರು ಹಾಕೂದು ಪೂರಾ ನಿಲ್ಲಿಸಬೇಕು. ತರಗತಿಯೊಳಗ ಒಂದೇ ಮುಖವಾಡ ಕೈಯಿಂದ ಕೈಗೆ ಹೋಗೋ ರೂಢಿ ಐತಲ್ಲ, ಅದು ಬ್ಯಾಡ. ಇಂಡೋನೇಷ್ಯಾದ ಜಾವಾದಾಗ ತೋಪೆಂಗ್ ಅನ್ನೋ ಕುಣಿತದ ಹಳೀ ಮುಖವಾಡದೊಳಗ ತೊಗಲಿನ ಪಟ್ಟಿ ಹಲ್ಲಿನ್ಯಾಗ ಕಚ್ಚಿ ಹಿಡಿಯೋ ಪದ್ಧತಿ ಐತಿ, ಅಂಥ ಮುಖವಾಡ ಅಂತೂ ಒಬ್ಬರಿಗೇ ಮೀಸಲು. ಒಳಗಿನ ಸ್ಪಂಜು, ಬಟ್ಟಿ ಟಿಚ್ ಬಟನ್ ಮ್ಯಾಲ ಕೂಡಿಸ್ರಿ, ಬಿಚ್ಚಿ ತೊಳೀಲಿಕ್ಕೆ ಬರಬೇಕು. ಒಬ್ಬೊಬ್ಬರಿಗೆ ಎರಡು ಜೋಡಿ.

ಸ್ಯಾನಿಟೈಸರ್ ಮಾತ್ರ ಮುಖವಾಡಕ್ಕ ಹೊಡೀಬ್ಯಾಡ್ರಿ. ಅದರೊಳಗಿನ ಆಲ್ಕೋಹಾಲ್ ಅಕ್ರಿಲಿಕ್ ಬಣ್ಣ ಮೆತ್ತಗ ಮಾಡತೈತಿ, ಅರಗಿನ ಪಾಲಿಶ್ ಇದ್ದರಂತೂ ಕರಗಿಸಿಬಿಡತೈತಿ, ಅಂಟಂಟಾಗಿ ಧೂಳು ಹಿಡೀತದ. ಒಳಮೈಗೆ ನೀರಿನ ವಾರ್ನಿಷ್ ಎರಡು ಕೋಟ್ ಮೊದಲೇ ಹೊಡೆದಿದ್ದರ, ಸಾಬೂನು ನೀರಿನ್ಯಾಗ ಅದ್ದಿ ಹಿಂಡಿದ ಬಟ್ಟಿಲೆ ಒರೆಸಿ ಗಾಳಿಗೆ ಬಿಡ್ರಿ. 2020ರ ಮಾರ್ಚ್‌ನ್ಯಾಗ ಬಂದ ಪ್ರಯೋಗದ ಲೆಕ್ಕದಾಗ ಕೊರೊನಾ ವೈರಸ್ ರಟ್ಟಿನ ಮ್ಯಾಲ 24 ತಾಸಿನ ತನಕ, ಪ್ಲಾಸ್ಟಿಕ್ ಮ್ಯಾಲ 72 ತಾಸಿನ ತನಕ ಸಿಕ್ಕಿತ್ತು. ಬಣ್ಣ ವಾರ್ನಿಷ್ ಬಳಿದ ಕಾಗದ ಪ್ಲಾಸ್ಟಿಕ್ ಲೆಕ್ಕಕ್ಕೇ ಸಮ ಅಂತ ಹಿಡಿದು ಮೂರು ದಿನ ಬಿಡೋದು ಚಲೋ.

ಆದರ ಮುಟ್ಟೋದಕ್ಕಿಂತ ಗಾಳಿನೇ ದೊಡ್ಡ ಅಪಾಯ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯ ಹಾಡುಗಾರರ ತಂಡ 2020ರ ಮಾರ್ಚ್ 10ಕ್ಕ ತಾಲೀಮು ಮಾಡಿದಾಗ 61 ಮಂದಿಯೊಳಗ 53 ಮಂದಿಗೆ ಕೊರೊನಾ ಬಂತು, ಅದರಾಗ 33 ಪರೀಕ್ಷೆಯಿಂದ ಖಾತ್ರಿಯಾದದ್ದು. ಅರ್ಧ ಮುಖವಾಡದಾಗ ಬಾಯಿ ಪೂರಾ ತೆರೆದಿರತೈತಿ, ಅದು ಯಾವ ರಕ್ಷಣಾನೂ ಅಲ್ಲ. ಅದಕ್ಕ ಗದ್ದದ ಭಾಗ ಬಟ್ಟಿಯೊಳಗ ಹೊಲಿದು ಮುಖವಾಡದ ಕೆಳಅಂಚಿಗೆ ಟಿಚ್ ಬಟನ್‌ಲೆ ಕೂಡಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2020ರಾಗ ಹೇಳಿದಂಗ ಮೂರು ಪದರ: ಒಳಗ ಹತ್ತಿ, ನಡುವ ಪಾಲಿಪ್ರೊಪಿಲಿನ್, ಹೊರಗ ಪಾಲಿಯೆಸ್ಟರ್. ಆ ಬಟ್ಟಿ ಮ್ಯಾಲ ಅಕ್ರಿಲಿಕ್‌ಲೆ ತುಟಿ, ಮೀಸಿ ಬರೀಬ್ಯಾಡ್ರಿ. ಬಣ್ಣ ಬಟ್ಟಿಯ ರಂಧ್ರ ಮುಚ್ಚಿದರ ಉಸಿರು ಬಟ್ಟಿಯೊಳಗಿಂದ ಹೋಗದ ಪಕ್ಕದಿಂದ ಹೊರಬೀಳತೈತಿ, ಸೋಸೋ ಕೆಲಸನೇ ಆಗಂಗಿಲ್ಲ. ಮೀಸಿ ಬೇಕಂದ್ರ ನೂಲಿಲೆ ಸಣ್ಣಗ ಹೊಲೀರಿ, ಇಲ್ಲಾ ಹೊರಪದರಕ್ಕ ಮೊದಲೇ ಬಟ್ಟಿ ಬಣ್ಣ ಹಾಕಿಸಿ, ತೊಳೆದು, ಆಮ್ಯಾಲ ಹೊಲೀರಿ.


ತೆರೆಮರೆ:

ಉಳಿದ ಮೂರು ಈ ವಾರ ಕಳಿಸಬೇಕು. ಶಿರಸಿಯ ಪಾರ್ಸೆಲ್ಲಿಗೆ ಮಳೆ ತಾಗುವ ಭಯವಿದೆ. ಪ್ಯಾಕ್ ಮಾಡುವ ಬಗ್ಗೆ ಏನಾದರೂ?


ಮಣ್ಣಿನಚ್ಚು:

ವಾರ್ನಿಷ್ ಹಚ್ಚಿ ಮೂರು ದಿನವಾದರೂ ಆಗಿರಲಿ, ಇಲ್ಲದಿದ್ದರೆ ಸುತ್ತಿದ ಕಾಗದ ಮುಖಕ್ಕೇ ಅಂಟಿಕೊಳ್ಳುತ್ತದೆ. ಒಳಗಿನ ಟೊಳ್ಳಿಗೆ ಹತ್ತಿಬಟ್ಟೆಯ ಗಂಟು ತುಂಬಿ, ಮೂಗಿನ ಒಳಗೂ ತುಂಬಿ, ಮುಖವಾಡದ ಮೇಲೆ ಒಂದು ಮೆತ್ತನೆಯ ಹತ್ತಿಬಟ್ಟೆ ಸುತ್ತಿ. ಪ್ಲಾಸ್ಟಿಕ್ ಚೀಲ ನೇರವಾಗಿ ಮುಖವಾಡಕ್ಕೆ ಬೇಡ, ಒಳಗೆ ಬೆವರಿ ಬೂಷ್ಟು ಬರುತ್ತದೆ. ಪ್ಲಾಸ್ಟಿಕ್ ರಟ್ಟಿನ ಪೆಟ್ಟಿಗೆಯ ಹೊರಗೆ ಮಾತ್ರ ಇರಲಿ, ಟೇಪು ಹಾಕಿ ಮುಚ್ಚಿ. ಎಲ್ಲ ಕಡೆ 5 ಸೆಂಮೀ ಜಾಗ ಬಿಟ್ಟು ಪತ್ರಿಕೆಯ ಉಂಡೆ ತುಂಬಿ, ಮೂಗು ಮೇಲ್ಮುಖವಾಗಿರಲಿ, ಔಷಧದ ಡಬ್ಬಿಗಳಲ್ಲಿ ಬರುವ ಸಿಲಿಕಾ ಪೊಟ್ಟಣ ನಾಲ್ಕೈದು ಹಾಕಿ. ಎಲಾಸ್ಟಿಕ್ಕನ್ನು ಒಂದೇ ಕಡೆ ಹೊಲಿದು, ಇನ್ನೊಂದು ತುದಿಯನ್ನು 10 ಸೆಂಮೀ ಹೆಚ್ಚಿಗೆ ಬಿಟ್ಟು ಪಿನ್ನು ಸಿಕ್ಕಿಸಿ ಕಳಿಸಿ, ತಲೆಯ ಅಳತೆಗೆ ನಟರೇ ಹೊಲಿದುಕೊಳ್ಳಲಿ. ಬಂದ ಕೂಡಲೇ ಪೆಟ್ಟಿಗೆಯಿಂದ ತೆಗೆದು ಮಣ್ಣಿನಚ್ಚಿನ ಬದಲು ಮಡಚಿದ ಟವೆಲ್ಲಿನ ಮೇಲೆ ಇಡಲು ಹೇಳಿ, ಎಲಾಸ್ಟಿಕ್ಕಿನಿಂದ ಮೊಳೆಗೆ ತೂಗುಹಾಕಿದರೆ ಒಂದೇ ರಾತ್ರಿಗೆ ಕೆನ್ನೆ ಒಳಕ್ಕೆ ಮಡಚಿಕೊಳ್ಳುತ್ತದೆ.